ನೀಲಗಂಗವ್ವನ ದನಿ ಹೊತ್ತ ಟೇಪು

ನಾನು ಒಂದು ಟೇಪು. ಅಂಗೈಯಲ್ಲಿ ಹಿಡಿಯುವ ಕ್ಯಾಸೆಟ್ಟಲ್ಲ. ತಾಟಿನಷ್ಟು ಅಗಲದ ಸ್ಪೂಲಿಗೆ ಸುತ್ತಿದ, ರೆಕಾರ್ಡಿಂಗ್ ಸ್ಟುಡಿಯೋದ ಕಂದು ಟೇಪು. ತೆಳ್ಳನೆಯ ಪ್ಲಾಸ್ಟಿಕ್ ಪಟ್ಟಿಗೆ ತುಕ್ಕಿನಂಥ ಪುಡಿಯನ್ನು ಅಂಟಿನಲ್ಲಿ ಕಲಸಿ ಬಳಿದರು. ಅದೇ ನನ್ನ ಹುಟ್ಟು. ಜನರ ದನಿ ಕೂರುವುದು ಆ ಪುಡಿಯಲ್ಲೇ.

ಹುಬ್ಬಳ್ಳಿಯ ಸಣ್ಣ ಸ್ಟುಡಿಯೋಗೆ ಬಂದ ದಿನವೇ ನನಗೆ ಭಯ ಹೊಕ್ಕಿತು. ಅಲ್ಲಿಯ ಯಂತ್ರಕ್ಕೆ, ಟೇಪು ತಾಗಿ ಸಾಗುವಲ್ಲಿ, ಮೂರು ಹೆಡ್ಡುಗಳು. ಒಂದು ಹಳೆಯದನ್ನು ಅಳಿಸುತ್ತದೆ, ಮುಂದಿನದು ಹೊಸದನ್ನು ಬರೆಯುತ್ತದೆ, ಕೊನೆಯದು ಓದುತ್ತದೆ. ರೆಕಾರ್ಡ್ ಗುಂಡಿ ಒತ್ತಿದರೆ ಸಾಕು, ಅಳಿಸುವ ಹೆಡ್ಡು ಯಾರ ದನಿ ಎಂದು ಕೇಳುವುದಿಲ್ಲ.

ನಾಟಕ ಕಂಪನಿಯಲ್ಲಿ ಹಾಡುತ್ತಿದ್ದ ನೀಲಗಂಗವ್ವ ಒಂದು ದಿನ ಹಾಲುಗೂಸು ಶಿವಲೀಲಾಳನ್ನು ಎತ್ತಿಕೊಂಡು ಬಂದಳು. ಅವಳ ಗಂಟಲಲ್ಲಿ ಗಂಟು ಬೆಳೆದಿತ್ತು. ಆಪರೇಷನ್ ಮಾಡಿದರೆ ಜೀವ ಉಳಿದೀತು, ದನಿ ಉಳಿಯದು ಎಂದು ಡಾಕ್ಟರು ಹೇಳಿಬಿಟ್ಟಿದ್ದರು.

“ಬಿಂದೂರಾಯರ, ಒಂದ ಟೇಕಿನ್ಯಾಗ ಮುಗಿಸ್ರಿ. ಎರಡನೇದಕ್ಕ ನನ್ನ ಕಡೆ ಉಸಿರಿಲ್ಲ,” ಎಂದಳು ರೆಕಾರ್ಡಿಸ್ಟ್ ಬಿಂದುಮಾಧವನಿಗೆ.

“ಅವಸರ ಬ್ಯಾಡ್ರಿ. ತಯಾರಾದಾಗ ಕೈ ಎತ್ರಿ,” ಎಂದ ಅವನು.

ಕೆಂಪು ದೀಪ ಹತ್ತಿತು. ಅವಳು ಮೈಕಿನ ಸ್ಟ್ಯಾಂಡನ್ನು ಬಿಗಿಯಾಗಿ ಹಿಡಿದಿದ್ದಳು. ಅದು ಕಿರುಗುಟ್ಟಿದ ಸದ್ದು ಮೊದಲು ನನ್ನ ಮೇಲೆ ಬಿತ್ತು, ಆಮೇಲೆ ಹಾಡು. ಮಗಳ ಹೆಸರು ಹಾಕಿ ತಾನೇ ಕಟ್ಟಿದ ಜೋಗುಳ. ಬಿಂದುಮಾಧವ ದನಿಯ ಏರಿಳಿತ ತೋರುವ ಮೀಟರಿನ ಮುಳ್ಳನ್ನೇ ನೋಡುತ್ತಿದ್ದ, ಎಲ್ಲಿ ಅದು ನಡುವೆಯೇ ಬಿದ್ದುಹೋಗುತ್ತದೋ ಎಂದು.

ಆಪರೇಷನ್ ಆಯಿತು. ನೀಲಗಂಗವ್ವನ ಬಾಯಿಂದ ಮತ್ತೆ ಮಾತು ಹೊರಡಲಿಲ್ಲ. ವೇದಿಕೆ ಹತ್ತಲಾರದವಳ ಹಾಡನ್ನು ಕ್ಯಾಸೆಟ್ಟಾಗಿ ಹೊರತರುವುದು ಯಾರಿಗೂ ಬೇಡವಾಯಿತು. ಒಂದು ಬೆಳಿಗ್ಗೆ ಸ್ಟುಡಿಯೋ ಮಾಲೀಕ ಒಳಗೆ ಬಂದ.

“ಜಾಹೀರಾತಿಗೆ ಟೇಪ್ ಇಲ್ಲ. ಆ ಜೋಗುಳದ ಸ್ಪೂಲ್ ಹಾಕು.”

ಬಿಂದುಮಾಧವ ನನ್ನನ್ನು ಯಂತ್ರಕ್ಕೆ ಏರಿಸಿದ. ಅಳಿಸುವ ಹೆಡ್ಡು ಮೈಗೆ ತಣ್ಣಗೆ ತಾಗಿತು. ಮಾಲೀಕ ಪಕ್ಕದಲ್ಲೇ ನಿಂತಿದ್ದ. ಬಿಂದುಮಾಧವನ ಬೆರಳು ಗುಂಡಿಯ ಮೇಲೆ ಕೂತಿತು. ಮುಗಿಯಿತು ಎಂದುಕೊಂಡೆ. ಆಗ ಅವನು, ಟೇಪು ಸರಿಮಾಡುವವನಂತೆ ಬಾಗಿ, ಹಾಡಿಲ್ಲದ ನನ್ನ ಮುಂದಿನ ತುದಿಯನ್ನು ಜಗ್ಗಿ ಹರಿದ.

“ಯಜಮಾನರ, ತುಂಡಾತು. ಅಂಟಿಸಿದ್ರೂ ನಿಲ್ಲಂಗಿಲ್ಲ.”

“ಒಗೀ ಹಂಗಾರ ಅತ್ಲಾಗ.”

ಅವನು ಒಗೆಯಲಿಲ್ಲ. ಸೈಕಲ್ಲಿನ ಚೀಲದಲ್ಲಿಟ್ಟುಕೊಂಡು ಹೋಗಿ ನೀಲಗಂಗವ್ವನ ಕೈಗೆ ಕೊಟ್ಟ.

ಅವಳು ನನಗೆ ಅಂಜುತ್ತಿದ್ದಳು. ಟ್ರಂಕಿನ ತಳಕ್ಕಿಟ್ಟಳು, ಎಂದಾದರೂ ಕಣ್ಣಿಗೆ ಬಿದ್ದರೆ ಹಾವು ಕಂಡಂತೆ ಮುಚ್ಚಳ ಹಾಕುತ್ತಿದ್ದಳು. ಮಗಳು ಮುಟ್ಟಲು ಬಂದರೆ ಕೈಮೇಲೆ ಹೊಡೆಯುತ್ತಿದ್ದಳು. ಅವ್ವ ಚಪ್ಪಾಳೆ ತಟ್ಟಿ ಕರೆದರೆ ಓಗೊಡುತ್ತ ಶಿವಲೀಲಾ ದೊಡ್ಡವಳಾದಳು. ಇತ್ತ ಬಿಸಿಲ ಝಳಕ್ಕೂ ಥಂಡಿಗೂ ನನ್ನ ಅಂಟು ಸಡಿಲವಾಗುತ್ತಿತ್ತು. ಕತ್ತಲಲ್ಲಿ ನೀಲಗಂಗವ್ವನ ದನಿ ನನ್ನಿಂದಲೂ ಜಾರುತ್ತಿದೆ ಎಂದು ಗೊತ್ತಾಗುತ್ತಿತ್ತು, ಕೂಗಿ ಹೇಳಲು ನನಗೆ ಬಾಯಿರಲಿಲ್ಲ.

ಕೊನೆಗೆ ಮಗಳೇ ನನ್ನನ್ನು ಹೊರತೆಗೆದು, ಮುದುಕನಾಗಿದ್ದ ಬಿಂದುಮಾಧವನ ಮನೆಗೆ ಒಯ್ದಳು. ತಾಯಿಯೂ ಹಿಂದೆಯೇ ಬಂದಳು. ಅವನು ನನ್ನನ್ನು ತುಸು ಬಿಚ್ಚಿದ. ಬೆರಳಿಗೆ ಕಂದು ಪುಡಿ ಹತ್ತಿತು.

“ಉದರಲಿಕ್ಕೆ ಹತ್ತೇದ. ಒಮ್ಮೆ ಮಾತ್ರ ಹಾಕಬಹುದು. ಅಷ್ಟರಾಗ ಕಂಪ್ಯೂಟರಿಗೆ ಹಿಡೀಬೇಕು. ನಡುವ ಸಿಕ್ಕೊಂಡ್ರ ಹಾಡು ಹೋದಂಗ.”

ನೀಲಗಂಗವ್ವ ಬೇಡವೆಂದು ಅವನ ಮಣಿಕಟ್ಟು ಹಿಡಿದಳು.

“ಅವ್ವಾ,” ಎಂದಳು ಶಿವಲೀಲಾ, “ನೀ ನನ್ನ ಹೆಸರು ಹಿಡದು ಕರದದ್ದು ನಾ ಒಮ್ಮೆನೂ ಕೇಳಿಲ್ಲ.”

ಹಿಡಿತ ಸಡಿಲಾಯಿತು.

ಯಂತ್ರ ತಿರುಗಿತು. ನಾನು ಕಿರ್ರೆಂದೆ, ತಡೆದೆ, ಮತ್ತೆ ಜಾರಿದೆ. ಪುಡಿ ಉದುರುತ್ತಲೇ ಇತ್ತು. ಅದರ ನಡುವೆ ಹರೆಯದ ಆ ದನಿ, “ಶಿವಲೀಲಾ,” ಎಂದಿತು. ಹಾಡು ಪೂರ್ತಿ ಕಂಪ್ಯೂಟರಿಗೆ ದಾಟಿತು. ನಾನು ಬರೀ ಪಟ್ಟಿಯಾಗಿ ಉಳಿದೆ. ಈಗ ಬಿಂದುಮಾಧವನ ಕಪಾಟಿನ ಮೂಲೆಯಲ್ಲಿದ್ದೇನೆ. ನನ್ನಿಂದ ಕಸಿಯಲು ಇನ್ನೇನೂ ಇಲ್ಲ. ಆದರೆ ಅಂದು ಕಂಡದ್ದು ಈಗಲೂ ನನ್ನನ್ನು ಕಾಡುತ್ತದೆ.

ಹಾಡಿನ ಜೊತೆಗೆ ಶಿವಲೀಲಾ ತನಗರಿವಿಲ್ಲದೆ ಗುನುಗತೊಡಗಿದ್ದಳು. ಅವ್ವನದೇ ದನಿ. ನೀಲಗಂಗವ್ವ ಬೆಚ್ಚಿಬಿದ್ದು ಮಗಳ ಕೊರಳಿಗೆ ಕೈ ಹಾಕಿದಳು. ಎಡಕ್ಕೆ, ಬಲಕ್ಕೆ, ಒತ್ತಿ ಒತ್ತಿ ತನಗೆ ಬೆಳೆದಿದ್ದಂಥ ಗಂಟು ಹುಡುಕಿದಳು. ಇರಲಿಲ್ಲ. ಮಗಳು ಹಾಡುತ್ತಲೇ ಇದ್ದಳು. ಅವ್ವ ಕೈ ತೆಗೆಯಲಿಲ್ಲ.