ಕೊನೆಯ ತೆನೆಯ ತನಕ

ಕಿರ್ — ಒಂದೇ ಸಲ, ಒದ್ದೆ ಮರ ಕಲ್ಲಿಗೆ ತಿಕ್ಕಿದ ಸದ್ದು, ಇಷ್ಟು ಹೊತ್ತಿಗೆ ಹೊಳೆದಂಡೆಯ ಗಜನಿ ಗದ್ದೆಯ ತೂಬಿನ ಹಲಗೆ ಯಾರು ಎತ್ತುತ್ತಾರೆ, ಅಮಾವಾಸ್ಯೆ, ಹೊಳೆಗೆ ಸಮುದ್ರದ ಭರತ ಏರುವ ಹೊತ್ತು, ಪಕ್ಕದಲ್ಲಿ ಗಂಡನ ಹಾಸಿಗೆ ಖಾಲಿ, ಇನ್ನು ಕೇಳುವುದೇನಿದೆ. ಕೊನೆಯ ತೆನೆ ಕೊಯ್ಯುವ ತನಕ ಗದ್ದೆಗೆ ಉಪ್ಪುನೀರು ಬಿಡಬಾರದು, ಊರ ಕಟ್ಟಳೆ, ಇವರ ಅಜ್ಜನ ಅಜ್ಜನ ಕಾಲದ್ದು, ಆಗ ಇಲ್ಲಿ ಬರೀ ಕೆಸರು, ನಮ್ಮ ಒಕ್ಕಲು ಲಕ್ಕಿಯ ಹಿರಿಯರು ಬುಟ್ಟಿಯಲ್ಲಿ ಮಣ್ಣು ಹೊತ್ತು ಕಟ್ಟೆ ಹಾಕಿ ಹೊಳೆಯನ್ನು ಹಿಂದೆ ತಳ್ಳಿದರು, ಉಪ್ಪು ತಾಳುವ ಕಗ್ಗ ಭತ್ತ ಎರಚಿದರು, ನಮ್ಮವರು ಕಾಗದದಲ್ಲಿ ಹೆಸರು ಬರೆಸಿಕೊಂಡರು, ಅಷ್ಟೇ ನಮ್ಮ ಬೇಸಾಯ. ಎಲ್ಲರದ್ದೂ ಕೊಯ್ದಾಗಿದೆ, ಲಕ್ಕಿಯದ್ದು ಮಾತ್ರ ಹಣ್ಣಾಗಿ ಒರಗಿದೆ, ನೀರು ಬಿದ್ದರೆ ಕೊಳೆಯುತ್ತದೆ, ಅವಳ ಗಂಡ ಶನಿಯಾರ ಜ್ವರದಲ್ಲಿ ಮಲಗಿದ್ದಾನೆ, ಇನ್ನೆರಡು ದಿನ ಕೊಡಿ ಒಡೆಯಾ, ಬೀಜಕ್ಕೂ ಅದೇ ಭತ್ತ, ಎಂದಳು ನಿನ್ನೆ, ಆತು ಆತು, ಎಂದರು ಇವರು ನಗುತ್ತಾ — ಸಿಗಡಿ ಹಿಡಿಯುವ ಗುತ್ತಿಗೆದಾರನಿಗೆ ಮರಿ ಹೊತ್ತು ತರುವ ಈ ಅಮಾವಾಸ್ಯೆಯ ನೀರೇ ಬೇಕು, ಕುಮಟೆಯಿಂದ ಬಂದಿದ್ದ, ಚಾ ಕೊಟ್ಟವಳು ನಾನೇ. ಇವರು ಬಂದರು, ಪಂಚೆ ಒದ್ದೆ, ನಾನು ಕಣ್ಣು ಮುಚ್ಚಿದ್ದೇನೆ, ಧಾರವಾಡದಲ್ಲಿ ಬಿ.ಎ. ಓದಿದವಳು, ಚರ್ಚಾಸ್ಪರ್ಧೆಯಲ್ಲಿ ಗೆದ್ದವಳು, ಗೊರಕೆ ಶುರುವಾಗಲಿ ಎಂದು ಹಲ್ಲು ಕಚ್ಚಿ ಕಾಯುತ್ತಾ, ಶುರುವಾಯಿತು, ಎಷ್ಟು ಸುಖದ ಗೊರಕೆ, ತೂಬಿಗೆ ಓಡಿದೆ, ಹಲಗೆ ಕೆಳಗೆ ಜಾರುವುದಿಲ್ಲ, ಅದಕ್ಕಂಟಿದ ಕಲ್ಗದ ಚಿಪ್ಪು ಅಂಗೈ ಸೀಳಿತು, ಮೈಭಾರವೆಲ್ಲ ಹಾಕಿದೆ, ದಡ್ ಎಂದು ಕೂತಿತು, ಅಷ್ಟರಲ್ಲಿ ಅರ್ಧ ಗದ್ದೆ ಹೊಳೆಯಾಗಿತ್ತು.

ಬೆಳಗ್ಗೆ ಕಟ್ಟೆಯ ಮೇಲೆ ಇವರು ಕೂಗುತ್ತಾರೆ, ಯಾರೇ ಹಲಗೆ ಇಳ್ಸಿದ್ದು, ಎಲ್ಲರ ಎದುರು, ನಾಚಿಕೆಯೂ ಇಲ್ಲ, ಮೊಣಕಾಲು ನೀರಿನಲ್ಲಿ ನಿಂತ ಲಕ್ಕಿ ನನ್ನ ಅಂಗೈಗೆ ಸುತ್ತಿದ ಬಟ್ಟೆಯನ್ನು ಒಮ್ಮೆ ನೋಡಿದಳು, ನಾನೇ ಇಳ್ಸ್ದೆ ಒಡೆಯಾ, ಎತ್ತಿದ್ದು ಯಾರಂತೆ? ನೆರವಿಗೆ ಬಂದ ಹೆಂಗಸರು ಕಿಸಕ್ಕನೆ ನಕ್ಕರು, ಏಡಿ ಎತ್ತಿರೂಕು ಬಿಡೇ, ಎಂದಳು ನಾಗಮ್ಮ, ದೊಡ್ಡ ಏಡಿ, ಪಂಚೆ ಉಟ್ಕಂಡದ್ದು. ಇವರು ಮನೆಯ ಕಡೆ ನಡೆದರು. ನಾನು ನೀರಿಗಿಳಿದೆ, ಲಕ್ಕಿ, ಇಳಿಸಿದ್ದು ನಾನು ಎಂದು ಹೇಳುತ್ತೇನೆ, ಎತ್ತಿದ್ದು ಯಾರೆಂದೂ ಹೇಳುತ್ತೇನೆ, ಊರೆಲ್ಲ ಕೇಳಲಿ — ಸುಮ್ನಿರಿ ಒಡ್ತೀರೇ, ಅವಳು ಬಗ್ಗಿಯೇ ಇದ್ದಾಳೆ, ಮುಳುಗಿದ ತೆನೆಗಳನ್ನು ತಡಕುತ್ತಾ, ನೀವು ಹೇಳಿದ್ರೆ ಇಂದೇ ನಿಮ್ಮನ್ನ ಒಳ್ಗಿಟ್ಟು ಬಾಗ್ಲಿಗೆ ಬೀಗ, ಬರೂ ವರ್ಷ ಹಲಗೆ ಇಳ್ಸೂಕೆ ಯಾರಿದ್ರು? ಸರಿ, ಹೇಳುವುದಿಲ್ಲ, ತವರಿನ ಅಣ್ಣನಿಗೆ ಬರೆಯುವ ಕಾಗದದಲ್ಲೂ ಇಲ್ಲ, ಈ ಸಿಟ್ಟು ಒಳಗೇ ಇರಲಿ, ಬರುವ ವರ್ಷಕ್ಕೆ ಬೇಕು — ಅವಳು ನೀರಿನಿಂದ ಎತ್ತಿ ಹಿಡಿದ ತೆನೆ, ತುದಿಯಲ್ಲಿ ಉಪ್ಪುನೀರಿನ ಒಂದು ಹನಿ, ಬೀಳುತ್ತದೆ, ಮತ್ತೊಂದು ತೆನೆ, ಮತ್ತೊಂದು ಹನಿ, ಯಾರಿಗೂ ಹೇಳುವುದಿಲ್ಲ, ತೆನೆ, ಹನಿ, ಯಾರಿಗೂ