ಇಲ್ಲಿಂದ ಇಲ್ಲಿಗೆ

ಚುಕ್ಕಿಗೆ ಚುಕ್ಕಿ ಸೇರಿಸಿ ಗೆರೆ ಎಳೆಯುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ರಾಮನಗರದ ನಮ್ಮ ಕಂಪನಿ ನಾಲ್ಕು ತಾಲ್ಲೂಕುಗಳ ಬಸ್ ಸರ್ವೆಯ ಗುತ್ತಿಗೆ ಹಿಡಿದಿತ್ತು. ಒಂದೊಂದು ಊರೂ ಒಂದು ಚುಕ್ಕಿ. ಒಂದೂರಿಂದ ಇನ್ನೊಂದೂರಿಗೆ ಜನ ಹೋದರೆ ಗೆರೆ, ಜನ ಜಾಸ್ತಿಯಾದಷ್ಟೂ ಗೆರೆ ದಪ್ಪ. ಗೆರೆಯಿಲ್ಲದ ಊರಿಗೆ ಬಸ್ಸೂ ಇಲ್ಲ. ಕೋಡ್ ಬರೆದವಳು ನಾನು, ದಿವ್ಯ, ವಿರೂಪಾಕ್ಷಿಪುರದವಳು.

ರನ್ ಮಾಡಿದೆ. ರೈಲಿಲ್ಲದ ಮಾಗಡಿಯಿಂದ ಹಗ್ಗದಂಥ ಗೆರೆಗಳು ಹೊರಟವು. ಕನಕಪುರದಿಂದಲೂ ಹೊರಟವು. ಬೈರಮಂಗಲಕ್ಕೂ ನಾಲ್ಕು ಸಿಕ್ಕವು. ನಮ್ಮೂರು ಮಾತ್ರ ಪಂಕ್ತಿಯಿಂದ ಎಬ್ಬಿಸಿದ ನೆಂಟನ ಹಾಗೆ ಒಂಟಿಯಾಗಿ ನಿಂತಿತ್ತು. ಅಂದರೆ ಬೆಳಗಿನ ಏಳರ ಬಸ್ಸು ರದ್ದು. ದಿನಾ ಆ ಬಸ್ಸಿನಲ್ಲೇ, ಸೀಟು ಸಿಗದೆ ನಿಂತುಕೊಂಡು, ನಾನು ಕೆಲಸಕ್ಕೆ ಬರುವುದು. ಅದು ನಿಂತರೆ ನನ್ನ ಕೆಲಸವೂ ಹೋಯಿತು. ನನ್ನ ಅನ್ನಕ್ಕೆ ನಾನೇ ಕಲ್ಲು ಹಾಕಿಕೊಂಡಿದ್ದೆ.

ಸರ್ವೆಯ ಹಾಳೆ ತೆಗೆದು ನೋಡಿದೆ. ಇನ್ನೂರ ಹನ್ನೆರಡು ಜನ. ಎಲ್ಲಿಂದ: ವಿರೂಪಾಕ್ಷಿಪುರ. ಎಲ್ಲಿಗೆ: ವಿರೂಪಾಕ್ಷಿಪುರ. ಬೇರೆ ಊರುಗಳಲ್ಲಿ, ವಾಪಸು ಬಂದು ಬಸ್ ಇಳಿದ ಆಯಾ ಊರಿನವರನ್ನೇ ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದ್ದರು. ನಮ್ಮೂರಿಗೆ ಬಂದ ಸ್ವಾಮಿ ಎಂಬ ಮಹಾಬುದ್ಧಿವಂತ, ಬಸ್ ಹತ್ತುವವರ ಎದುರಿಗೇ ನಿಂತು "ಎಲ್ಲಿಗೆ?" ಎಂದಿದ್ದ. ಹೊರಟವರನ್ನು ಹಾಗೆ ಕೇಳಿದರೆ ಹೋದ ಕೆಲಸ ಕೆಟ್ಟಿತೆಂದೇ ನಮ್ಮಲ್ಲಿ ಲೆಕ್ಕ. ಕಂಡಕ್ಟರ್ ಕೇಳಿದರೆ ಮಾತ್ರ ದೋಷವಿಲ್ಲ, ಪಾಪ, ಟಿಕೆಟ್ ಕೊಡಬೇಕಲ್ಲ. ಮಿಕ್ಕವರಿಗೆಲ್ಲ "ಇಲ್ಲೇ" ಎಂದು ಸಾಗಹಾಕುತ್ತಾರೆ. ಸ್ವಾಮಿ ಆ "ಇಲ್ಲೇ"ಯನ್ನು ನಂಬಿ, ಪ್ರತಿ ಸಾಲಿಗೂ ನಮ್ಮೂರ ಹೆಸರನ್ನೇ ಭಕ್ತಿಯಿಂದ ತುಂಬಿದ್ದ. ಮೂವತ್ತೇಳನೆಯ ಸಾಲು ನನ್ನದೇ.

ಹೊರಟದ್ದೂ ಸೇರಿದ್ದೂ ಒಂದೇ ಚುಕ್ಕಿಯಾದರೆ ಗೆರೆಯ ಉದ್ದ ಸೊನ್ನೆ, ಏನೂ ಕಾಣುವುದಿಲ್ಲ. ಡೇಟಾ ತಿದ್ದುತ್ತೇನೆ ಎಂದರೆ ನಮ್ಮ ಮ್ಯಾನೇಜರ್ ಬಾಲರಾಜು, ಡೇಟಾ ದೇವರಿದ್ದ ಹಾಗೆ, ಮುಟ್ಟಬಾರದು ಎಂದರು. ಸರಿ, ದೇವರನ್ನು ಬಿಟ್ಟು ಕೋಡ್ ಮುಟ್ಟಿದೆ. ಇಂಥ ಸಾಲು ಬಂದರೆ ಚುಕ್ಕಿಯ ನೆತ್ತಿಯಿಂದ ಹೊರಟು ಅಲ್ಲಿಗೇ ಸೇರುವ ಉಂಗುರ ಬರೆ, ಜನರಿದ್ದಷ್ಟೂ ದೊಡ್ಡದು ಮಾಡು ಎಂದು ಬರೆದೆ. ನಮ್ಮೂರಲ್ಲೂ ಜನ ಬಸ್ ಹತ್ತುತ್ತಾರೆಂದು ಗೊತ್ತಾದರೆ ಸಾಕಿತ್ತು. ಉಂಗುರ ಬಂತು. ಚನ್ನಪಟ್ಟಣವನ್ನೇ ನುಂಗುವಷ್ಟು ದೊಡ್ಡದಾಗಿ ಬಂತು.

ಬಾಲರಾಜು ಸಾರ್ ಹಿಗ್ಗಿಹೋದರು. ನಿಮ್ಮೂರವರು ಊರೊಳಗೇ ಎಷ್ಟು ತಿರುಗುತ್ತಾರಮ್ಮ ಎಂದರು. "ಇಲ್ಲೇ" ಎನ್ನುವುದು ಊರಲ್ಲ, ಮಾತು ಎಂದು ಬಿಡಿಸಿ ಹೇಳಿದೆ. ಕೇಳಿಸಿಕೊಳ್ಳುವ ಪುರುಸೊತ್ತು ಅವರಿಗಿರಲಿಲ್ಲ. ಚಿತ್ರ ಹಿಡಿದು ಮೀಟಿಂಗಿಗೆ ಹೊರಟೇಬಿಟ್ಟರು. ನನಗೆ ಮೈಯೆಲ್ಲ ಉರಿದುಹೋಯಿತು. ಅವರು ಹೊಸಿಲ ಮೇಲೆ ಕಾಲಿಟ್ಟದ್ದು ನೋಡಿಕೊಂಡೇ ಕೇಳಿದೆ.

"ಎಲ್ಲಿಗೆ ಸಾರ್?"

ಸಾರ್ ಅಲ್ಲೇ ನಿಂತರು. ವಾಪಸು ಬಂದು, ಕೂತು, ಒಂದು ಲೋಟ ನೀರು ಕುಡಿದರು.

"ಹೊರಟೋರ್ನ ಹಂಗ್ ಕೇಳ್ತಾರೇನಮ್ಮ? ಇಲ್ಲೇ, ಒಸಿ ಹೋಗ್ಬುಟ್ ಬತ್ತೀನಿ."

"ಇಲ್ಲೇ ಅಂದ್ರೆ ಈ ಕುರ್ಚಿಯಿಂದ ಈ ಕುರ್ಚಿಗಾ ಸಾರ್? ಹಂಗೇ ಬರ್ಕೊಳ್ಳಾ?"

ಅವರಿಗೆ ಅರ್ಥವಾಯಿತು, ಕಿವಿ ಕೆಂಪಾಯಿತು. ಆದರೆ ರಿಪೋರ್ಟು ಪ್ರಿಂಟ್ ಆಗಿತ್ತು. ಪ್ರಿಂಟ್ ಆದದ್ದನ್ನು ತಪ್ಪು ಎನ್ನಲು ಯಾವ ಮ್ಯಾನೇಜರಿಗೆ ಬಾಯಿ ಬರುತ್ತದೆ? ನಾನು ಅಪಶಕುನ ನುಡಿದರೂ ಅವರ ಕೆಲಸ ಕೆಡಲಿಲ್ಲ. ಕೆಟ್ಟದ್ದು ನನ್ನದು.

ತಿಂಗಳೊಳಗೆ ಏಳರ ಬಸ್ಸು ನಿಂತು, ಜನರ ಬೇಡಿಕೆಯ ಮೇರೆಗೆ ಹೊಸ ಬಸ್ಸು ಬಂತು. ಮುಂದೆ ಬೋರ್ಡು: ವಿರೂಪಾಕ್ಷಿಪುರ – ವಿರೂಪಾಕ್ಷಿಪುರ. ಕೆರೆ ಏರಿ, ಶಾಲೆ, ಡೈರಿ ಸುತ್ತಿ ಹತ್ತು ನಿಮಿಷಕ್ಕೆ ಹೊರಟಲ್ಲಿಗೇ ಬರುತ್ತದೆ. ರಾಮನಗರ ತಲುಪಲು ದಾರಿಯಿಲ್ಲದೆ ಮೂರು ವಾರ ಒದ್ದಾಡಿ ನಾನು ಕೆಲಸ ಬಿಟ್ಟೆ.

ನಿನ್ನೆ ಬೇಜಾರಿಗೆ ಆ ಬಸ್ಸನ್ನೇ ಹತ್ತಿದೆ. ಕೂತುಕೊಳ್ಳಲು ಬೇಕಾದಷ್ಟು ಸೀಟಿತ್ತು. ಕಂಡಕ್ಟರ್ ಅಶೋಕ್ ಮೆಷಿನ್ ಹಿಡಿದು ಬಂದು, "ಎಲ್ಲಿಗಕ್ಕ?" ಎಂದ.

ಜೀವನದಲ್ಲಿ ಮೊದಲ ಸಲ ಆ ಮಾತನ್ನು ಸುಳ್ಳಿಲ್ಲದೆ ಹೇಳಿದೆ.

"ಇಲ್ಲೇ."