ಬಲಕ್ಕೇ ಹೊರಳುವ ವಿಮಾನ

ಮೊಮ್ಮಗಳಿಗೆ ಲಕ್ಕವ್ವ ಎಂದು ಹೆಸರಿಡಬೇಕೆಂಬುದು ನನ್ನ ಹಟ. ಲಕ್ಕವ್ವ ನನ್ನ ಹೆಂಡತಿ. ಕಳೆದ ಶ್ರಾವಣದಲ್ಲಿ ಶಿವನ ಪಾದ ಸೇರಿದಳು. ತೊಟ್ಟಿಲ ಕಾರ್ಯಕ್ಕೆಂದು ನಾನು ಕನ್ನೊಳ್ಳಿಯಿಂದ ಬಸವನ ಬಾಗೇವಾಡಿಗೆ, ಸೊಸೆಯ ತವರಿಗೆ, ಬರುವಷ್ಟರಲ್ಲಿ ಬೀಗರಾದ ಸಿದ್ದಾರೂಢಪ್ಪನವರು ಫೋನಿನಲ್ಲಿ ಹುಡುಕಿ ಬೇರೆ ಹೆಸರು ತೆಗೆದಿಟ್ಟಿದ್ದರು.

“ಇಯಾನ್ವಿ,” ಎಂದರು.

“ಹಂಗಂದ್ರ ಏನ್ರಿ, ಬೀಗರ?”

“ಅರ್ಥ ಇನ್ನೂ ಸಿಕ್ಕಿಲ್ಲ. ಆದ್ರ ಇಡೀ ಜಿಲ್ಲಾದಾಗ ಯಾರಿಗೂ ಈ ಹೆಸರಿಲ್ಲ.”

“ಇರೂದಿಲ್ಲ ಬಿಡ್ರಿ. ಎತ್ತಿಗೂ ಯಾರೂ ಇಟ್ಟಿರೂದಿಲ್ಲ.”

ಮಾತಿಗೆ ಮಾತು ಬೆಳೆದು ಚಹಾ ಆರಿತು. ಒಳಗೆ ಕೂಸನ್ನು ಮಲಗಿಸುತ್ತಿದ್ದ ನನ್ನ ಸೊಸೆ ಐಶ್ವರ್ಯ ಅಲ್ಲಿಂದಲೇ ಹೇಳಿದಳು: “ಅಪ್ಪಾ, ಮಾವಾರ, ಸುಮ್ಮನ ಕೂಡ್ರಿ. ಜಗಳಾಡೂದಿದ್ರ ಆ ವಿಮಾನದ ಆಟದಾಗ ಆಡ್ರಿ. ಗೆದ್ದವ್ರು ಹೇಳಿದ ಹೆಸರ ಇಡ್ತೀವಿ.”

ಬೀಗರು ನೆಟ್ಟಗೆ ಕುಳಿತರು. ನಾನು ಆರಿದ ಚಹಾ ಎತ್ತಿ ಕುಡಿದೆ.

ಅದು ನನ್ನ ಮಗ ಅಮಿತನ ಆಟ. ಅವನು ಮುದ್ದೇಬಿಹಾಳದ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಾನೆ. ಆಟದಲ್ಲಿ ಮೊದಲನೆಯ ಮಹಾಯುದ್ಧದ ವಿಮಾನಗಳು ಹಾರುತ್ತವೆ. ಕಟ್ಟಿಗೆ, ಬಟ್ಟೆ, ತಂತಿ, ಮೇಲೊಂದು ಕೆಳಗೊಂದು ರೆಕ್ಕೆ. ಲಕ್ಕವ್ವ ಹೋದ ಮೇಲೆ ನಾನು ಗೋಡೆ ನೋಡುತ್ತ ಕೂಡುತ್ತಿದ್ದೆ. ಗೋಡೆಯ ಬದಲು ಇದನ್ನಾದರೂ ನೋಡಲಿ ಎಂದು ಅಮಿತ ನನಗೆ ಆಟ ಕಲಿಸಿದ. ಬೀಗರು ಹುರುಪಿನಿಂದ ತಾವೇ ಕಲಿತು, ಪ್ರತಿ ಸಲವೂ ನನ್ನನ್ನು ಹೊಡೆದು ಕೆಡವುತ್ತಿದ್ದರು.

ಏಕೆಂದರೆ ನಾನು ಎಡಕ್ಕೆ ತಿರುಗುವುದಿಲ್ಲ. ಆ ಆಟದ ಬಯಲಿನ ನಡುವೆ ಶಿಖರವುಳ್ಳ ಒಂದು ಗುಡಿ ಇದೆ. ಅದು ಚರ್ಚು ಎಂದು ಅಮಿತ ಹೇಳಿದ. ಯಾವ ದೇವರಾದರೇನು, ಶಿಖರ ಕಂಡ ಮೇಲೆ ಅಪ್ರದಕ್ಷಿಣೆ ನನ್ನಿಂದ ಆಗದು. ಎಡಕ್ಕೆ ಹೋಗಬೇಕಾದರೂ ಬಲಕ್ಕೆ ಮುಕ್ಕಾಲು ಸುತ್ತು ಹಾಕಿಯೇ ಹೋಗುತ್ತೇನೆ.

“ಯುದ್ಧಕ್ಕ ಬಂದೀರೋ, ಹರಕಿ ತೀರ್ಸಾಕ ಬಂದೀರೋ?” ಎಂದು ಬೀಗರು ಕುರ್ಚಿ ಎಳೆದುಕೊಂಡರು.

ಪಡಸಾಲೆಯಲ್ಲಿ ಎರಡು ಕಂಪ್ಯೂಟರ್ ಹೂಡಿ ಅಮಿತ ಕೇಳಿದ: “ಎಂದಿನಂಗ ಸುಲಭದ್ದೋ, ಖರೇ ವಿಮಾನದಂಗ ಹಾರೂದೋ?”

ಬೀಗರು ಕಾಳಿನ ವ್ಯಾಪಾರಿ. ಕಲಬೆರಕೆ ಎಂದರೆ ಅವರಿಗಾಗದು. “ಎಲ್ಲಾ ಖರೇ ಇರ್ಲಿ. ಸೋತ ಮ್ಯಾಲ ಇವ್ರು ಸುಳ್ಳ ಆಟ ಅನ್ನಬಾರ್ದು.”

“ಖರೇದ್ದು ಬ್ಯಾರೇನ ಐತ್ರಿ, ಮಾವಾರ. ಈ ಕ್ಯಾಮೆಲ್ ವಿಮಾನದ ಇಂಜಿನ್ನು...”

“ಒಂಟಿ ಇರ್ಲಿ, ಕುದುರಿ ಇರ್ಲಿ, ಹಚ್ಚಪಾ.”

ಹಚ್ಚಿದ. ಬೀಗರ ವಿಮಾನ ಓಡುತ್ತ ಓಡುತ್ತ ಅಡ್ಡ ಹೊರಳಿ ಹುಲ್ಲಿನ ಬಣವೆ ಹೊಕ್ಕಿತು. ನನ್ನದು ಮೂಗನ್ನು ಮಣ್ಣಿಗೆ ಊರಿ ಬಾಲ ಎತ್ತಿ ನಿಂತಿತು.

“ಇನ್ನೂ ನೆಲಾ ಬಿಟ್ಟಿಲ್ಲ, ಇಬ್ಬರೂ ಸತ್ರಿ,” ಎಂದ ಅಮಿತ.

ಮತ್ತೆ ಹುಟ್ಟಿದೆವು, ಮತ್ತೆ ಸತ್ತೆವು. ಅಷ್ಟು ಜನ್ಮಗಳಿಗೆ ಮುಕ್ತಿಯೇ ಸಿಗಬೇಕಿತ್ತು, ಸಿಕ್ಕಿದ್ದು ಆಕಾಶ. ನಾನು ಇನ್ನೂ ನೆಟ್ಟಗಾಗುವ ಮೊದಲೇ ಬೀಗರು ಬೆನ್ನ ಹಿಂದೆ ಬಂದು ಗುಂಡು ಸುರಿಸತೊಡಗಿದರು. ನನ್ನ ರೆಕ್ಕೆಯ ಬಟ್ಟೆ ಹರಿಯಿತು. ಲಕ್ಕವ್ವನ ಹೆಸರು ಇಲ್ಲಿಗೆ ಮುಗಿಯಿತು ಎಂದುಕೊಂಡು, ಶಿವನೇ ಎಂದು ಬಲಕ್ಕೆ ತಿರುಗಿಸಿದೆ.

ವಿಮಾನ ಹಗ್ಗ ಹರಿದ ಹೋರಿಯಂತೆ ಹೊರಳಿತು. ಮೂಗು ಕೆಳಗಾಯಿತು, ಹಿಡಿಕೆ ಜಗ್ಗಿ ಹಿಡಿದೆ. ನನ್ನ ದಾರಿ ಅಡ್ಡಗಟ್ಟಲು ಬೀಗರು ಎಡಕ್ಕೆ ಹೊರಳಿಸಿದರು. ಅವರದು ಮೂಗು ಎತ್ತಿಕೊಂಡು, ಕಬ್ಬು ಹೇರಿದ ಟ್ರ್ಯಾಕ್ಟರಿನಂತೆ ಮೆಲ್ಲಗೆ ತಿರುಗಿತು.

“ಏ ಅಮಿತಾ, ನನ್ನ ಗಾಡಿ ಕೆಟ್ಟೈತಿ.”

“ಕೆಟ್ಟಿಲ್ರಿ. ಮುಂದಿನ ಪಂಕಾದ ಜೋಡಿ ಇಡೀ ಇಂಜಿನ್ನಽ ತಿರಗತೈತಿ, ಬುಗುರಿ ಇದ್ದಂಗ. ಅದಕ್ಕ ಬಲಕ್ಕ ಲಗೂನ ಹೊಳ್ಳತೈತಿ, ಎಡಕ್ಕ ತಡಾ ಮಾಡತೈತಿ. ಖರೇ ವಿಮಾನಾನೂ ಹಿಂಗಽ ಇತ್ತು.”

“ಮೊದಲ ಹೇಳಬಾರ್ದ?”

“ಹೇಳಾಕ ಹ್ವಾದೆ. ಹಚ್ಚಪಾ ಅಂದ್ರಿ. ಈಗರೆ ಬಲಕ್ಕ ಹೊಳ್ಳಸ್ರಿ.”

“ಇವ್ರ ಹಿಂದ ನಾನೂ ಪ್ರದಕ್ಷಿಣಿ ಹಾಕಲ್ಯಾ?” ಎಂದು ಬೀಗರು ಮತ್ತೆ ಎಡಕ್ಕೇ ತಿರುಗಿಸಿದರು.

ನಾನು ಒಂದು ಪೂರ್ತಿ ಸುತ್ತು ಹಾಕಿ ಬಂದರೂ ಅವರ ತಿರುವು ಮುಗಿದಿರಲಿಲ್ಲ. ಹೊಡೆದೆ. ಹೊಗೆ ಕಾರುತ್ತ ಅವರ ವಿಮಾನ ಗುಡಿಗೆ ತಾಗದೆ ಹೊಲದಲ್ಲಿ ಬಿತ್ತು. ಗುಡಿ ಉಳಿಯಿತಲ್ಲ ಎಂದು ಎರಡೂ ಕೈ ಎತ್ತಿ ಮುಗಿದೆ. ಹಿಡಿಕೆ ಬಿಟ್ಟದ್ದರಿಂದ ನನ್ನ ವಿಮಾನವೂ ಗಿರಗಿರ ತಿರುಗಿ ಅವರ ಪಕ್ಕದಲ್ಲೇ ನೆಲಕ್ಕೆ ಬಡಿಯಿತು.

“ಸರಿಸಮ,” ಎಂದರು ಬೀಗರು.

“ಅಪ್ಪಾ, ನೀ ಮೊದಲ ಬಿದ್ದಿ,” ಎಂದಳು ಐಶ್ವರ್ಯ. ಕೂಸನ್ನು ಹೆಗಲಿಗೆ ಹಾಕಿಕೊಂಡು ಆಕೆ ಬಾಗಿಲಲ್ಲಿ ನಿಂತಿದ್ದಳು.

ಮರುದಿನ ನನ್ನ ಮಗಳು ಭಾಗ್ಯಜ್ಯೋತಿ, ಕೂಸಿಗೆ ಸೋದರತ್ತೆ, ತೊಟ್ಟಿಲಿಗೆ ಬಾಗಿ ಕಿವಿಯಲ್ಲಿ ಹೆಸರು ಹೇಳಿ ಶಾಸ್ತ್ರದಂತೆ ಕುರ್ರ್ ಅಂದಳು. ಆಮೇಲೆ ಕೂಸನ್ನು ತಂದು ನನ್ನ ತೊಡೆಯ ಮೇಲಿಟ್ಟರು.

“ಕರೀರಿ,” ಎಂದರು ಬೀಗರು. “ಗೆದ್ದೀರಲ್ಲ.”

ಬಾಯಿ ತೆರೆದೆ. ಹೆಸರು ಬರಲಿಲ್ಲ. ಮದುವೆಯಾದಂದಿನಿಂದ ನಾನು ಅವಳನ್ನು ಹೆಸರು ಹಿಡಿದು ಕರೆದವನೇ ಅಲ್ಲ.

“ಏ, ಕೇಳಿಲ್ಲಿ,” ಎಂದೆ, ಅಡುಗೆಮನೆಯತ್ತ ತಿರುಗಿ ಅವಳನ್ನು ಕರೆಯುತ್ತಿದ್ದ ಹಾಗೆಯೇ.

ಕೂಸು ಆಕಳಿಸಿತು.

“ಇಷ್ಟಕ್ಕಂತ ನನ್ನ ವಿಮಾನ ಸುಟ್ರ್ಯಾ?” ಎಂದು ಬೀಗರು ಕೂಸಿನತ್ತ ಬಾಗಿ, ಪೇಟೆಯಲ್ಲಿ ಹಮಾಲರನ್ನು ಕೂಗುವ ದನಿಯಲ್ಲಿ ಕರೆದರು: “ಲಕ್ಕವ್ವಾ.”

ಅದು ಬೀಗರ ಮನೆ. ಆದರೂ ನಾನು ಅಡುಗೆಮನೆಯ ಬಾಗಿಲ ಕಡೆ ನೋಡಿದೆ.